ಬಾಯಿ ಒರೆಸುವ ಕಾಗದದ ಮೇಲೆ ವಧೂವರರ ಹೆಸರು ಹಾಕಿಸಬಹುದೇ?

ಪ್ರಶ್ನೆ: ನಮ್ಮದು ದೊಡ್ಡಬಳ್ಳಾಪುರ. ಮನೆಯಲ್ಲಿ ಎರಡು ಮಗ್ಗ ಇವೆ. ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಬರುವ ಮಾಘ ಮಾಸದಲ್ಲಿ ಅವಳ ಮದುವೆ. ಹಿಂದಿನ ದಿನ ಸಂಜೆ ಆರತಕ್ಷತೆ. ಊಟದ ಜಾಗದಲ್ಲಿ ಇಡುವುದಕ್ಕೆ ಅಂತ ಮಗಳು ತಾನೇ ಚಿತ್ರ ಬರೆದು ಎರಡು ಸಾವಿರ ಟಿಶ್ಯೂ ಪೇಪರ್ ಪ್ರಿಂಟ್ ಮಾಡಿಸಿದ್ದಾಳೆ. ಹಸಿರು ಬಣ್ಣದ ವೀಳ್ಯದೆಲೆ, ಅದರ ಕೆಳಗೆ ಅವಳ ಹೆಸರು, ಹುಡುಗನ ಹೆಸರು, ತಾರೀಖು. ದೇವರ ಚಿತ್ರ ಇಲ್ಲ. ಆದರೆ ಅವಳ ಹೆಸರು ಲಕ್ಷ್ಮಿಯದು, ಹುಡುಗನ ಹೆಸರು ಸುಬ್ರಹ್ಮಣ್ಯನದು. ಒಂದು ಕಟ್ಟನ್ನು ಬೀಗರ ಮನೆಗೆ ಕಳಿಸಿದೆವು. ಹುಡುಗನ ಅಜ್ಜಿ ನೋಡಿ, “ಘಾಟಿಗೆ ಹರಕೆ ಹೊತ್ತು, ನಾಗಪ್ರತಿಷ್ಠೆ ಮಾಡಿಸಿ ಪಡೆದ ಮೊಮ್ಮಗ. ಆ ಹೆಸರಲ್ಲಿ ಊರೋರೆಲ್ಲ ಬಾಯಿ ಒರೆಸಿಕೊಳ್ಳೋದಾ?” ಎಂದು ಕೇಳಿದರಂತೆ. ಅದನ್ನು ಇಟ್ಟರೆ ಆರತಕ್ಷತೆಗೆ ಬರುವುದಿಲ್ಲ ಅಂದಿದ್ದಾರೆ. ಮಗಳು, “ಇಷ್ಟಕ್ಕೇ ಹೀಗಂದ್ರೆ ಮುಂದೆ ಹೇಗಮ್ಮ” ಅಂತ ಅಳುತ್ತಾಳೆ. ಇದರ ಮಧ್ಯೆ ಪರಿಚಯದವರೊಬ್ಬರು, ಇದು ನಾಮದೋಷ, ಶಾಂತಿ ಮಾಡಿಸಬೇಕು, ಮಗಳ ನಕ್ಷತ್ರಕ್ಕೆ ಆ ಹಸಿರು ಬಣ್ಣವೂ ಆಗಿಬರುವುದಿಲ್ಲ ಎಂದು ಹೆದರಿಸಿದ್ದಾರೆ. ಶಾಸ್ತ್ರ ಏನು ಹೇಳುತ್ತದೆ? ದಯವಿಟ್ಟು ತಿಳಿಸಿ.
— ಓರ್ವ ತಾಯಿ, ದೊಡ್ಡಬಳ್ಳಾಪುರ

ಉತ್ತರ: ತಾಯಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಟಿಶ್ಯೂ ಪೇಪರ್ ವಿಷಯ ಮೊದಲ ಸಲ ಓದಿದಾಗಲೇ ತಿಳಿಯಿತು. ಎರಡನೆಯ ಸಲ ಓದಿದ್ದು ಅಜ್ಜಿಯ ಮಾತು ಮತ್ತು ನಿಮ್ಮ ಮಗಳ ಮಾತಿಗಾಗಿ. ಇಬ್ಬರ ಮಾತಿನಲ್ಲೂ ನೋವಿದೆ, ಇಬ್ಬರಲ್ಲೂ ತಪ್ಪಿಲ್ಲ. ಆದ್ದರಿಂದ ಸ್ವಲ್ಪ ನಿಧಾನವಾಗಿ ಉತ್ತರ ಹೇಳುತ್ತೇನೆ.

ಮೊದಲು ನಿಮ್ಮ ಹೆದರಿಕೆ ಹೋಗಲಿ. ಟಿಶ್ಯೂ ಪೇಪರ್ ಬಗ್ಗೆ ಧರ್ಮಶಾಸ್ತ್ರದಲ್ಲಿ ವಾಕ್ಯ ಹುಡುಕಿದರೆ ಸಿಗುವುದಿಲ್ಲ. ಆ ಕಾಲದಲ್ಲಿ ಕೈಗೆ ನೀರಿತ್ತು, ಉಣ್ಣುವುದಕ್ಕೆ ಎಲೆಯಿತ್ತು, ಅಷ್ಟೇ. ಹೆಸರು ಅಚ್ಚಾಗಿದ್ದಕ್ಕೆ “ನಾಮದೋಷ ಶಾಂತಿ” ಎಂಬುದೊಂದನ್ನು ನಾನಂತೂ ಪಾಠಶಾಲೆಯಲ್ಲಿ ಕಲಿತಿಲ್ಲ, ಈ ನಲವತ್ತು ವರ್ಷದಲ್ಲಿ ಮಾಡಿಸಿಯೂ ಇಲ್ಲ. ನಾನೂ ಪುರೋಹಿತನೇ. ಶಾಂತಿ ಮಾಡಿಸಿ ಅಂದರೆ ದಕ್ಷಿಣೆ ಬರುವುದು ನಮ್ಮವರಿಗೇ. ಆದರೂ ಬೇಡ ಅನ್ನುತ್ತೇನೆ. ಇಲ್ಲದ ದೋಷಕ್ಕೆ ಶಾಂತಿ ಮಾಡಿಸಿದರೆ ಆ ಭಯ ಮನೆಯಲ್ಲೇ ಉಳಿದುಬಿಡುತ್ತದೆ. ನಾಳೆ ದಂಪತಿಗೆ ಸಣ್ಣ ಜ್ವರ ಬಂದರೂ ಆ ಕಾಗದದ ನೆನಪಾಗುತ್ತದೆ.

ಬಣ್ಣದ ಮಾತನ್ನೂ ಮುಗಿಸಿಬಿಡೋಣ. ಜಾತಕ ನೋಡುವುದು ಕೂಟ, ಗುರುಬಲ, ಮುಹೂರ್ತದ ಲಗ್ನಶುದ್ಧಿ ಇವಕ್ಕೆ. ಬಾಯಿ ಒರೆಸುವ ಕಾಗದದ ಬಣ್ಣಕ್ಕೂ ಹುಡುಗಿಯ ನಕ್ಷತ್ರಕ್ಕೂ ಗಂಟು ಹಾಕುವುದು ಜ್ಯೋತಿಷ್ಯವಲ್ಲ. ಹಸಿರು ಅಂದರೆ ನಮ್ಮ ಮದುವೆಗಳಲ್ಲಿ ಬಳೆಯ ಬಣ್ಣ, ತೋರಣದ ಬಣ್ಣ, ಬಾಳೆಕಂದಿನ ಬಣ್ಣ. ಅದು ಯಾರಿಗೆ ಆಗಿಬರುವುದಿಲ್ಲ, ಹೇಳಿ ನೋಡೋಣ!

ಇನ್ನು ಮುಖ್ಯ ಪ್ರಶ್ನೆ. ದೋಷವಿಲ್ಲ ಅಂದಮಾತ್ರಕ್ಕೆ ಅದು ಉಚಿತ ಅಂತ ಆಗುವುದಿಲ್ಲ. ಮಾಡಬಹುದೇ ಎಂದು ಕೇಳಿದರೆ ನನ್ನ ಉತ್ತರ: ಬೇಡ. ಅಜ್ಜಿ ಹೇಳಿದ್ದು ಸರಿ. ಯಾಕೆ ಅನ್ನುವುದನ್ನು ನಿಮ್ಮ ಮಗಳಿಗೂ ಒಪ್ಪಿಗೆಯಾಗುವ ಹಾಗೆ ಹೇಳಲು ಪ್ರಯತ್ನ ಮಾಡುತ್ತೇನೆ.

ಒಂದು ಹೆಸರು ಮೊಟ್ಟಮೊದಲು ಎಲ್ಲಿ ಬರೆಯಲ್ಪಡುತ್ತದೆ? ನಾಮಕರಣದ ದಿನ ನೆನಪು ಮಾಡಿಕೊಳ್ಳಿ. ತಟ್ಟೆಯಲ್ಲಿ ಅಕ್ಕಿ ಹರಡುತ್ತೇವೆ. ತಂದೆ ಬಂಗಾರದ ಉಂಗುರ ಹಿಡಿದು ಆ ಅಕ್ಕಿಯ ಮೇಲೆ ಹೆಸರು ಬರೆಯುತ್ತಾನೆ. ಆಮೇಲೆ ಮಗುವಿನ ಬಲಗಿವಿಯಲ್ಲಿ ಮೆಲ್ಲಗೆ ಹೇಳುತ್ತಾನೆ. ಇನ್ನೂ ಯಾರ ಬಾಯಿಗೂ ಹೋಗದ ಅನ್ನ, ಅದರ ಮೇಲೆ ಚಿನ್ನದಲ್ಲಿ ಬರೆದ ಅಕ್ಷರ. ಹೆಸರಿಗೆ ನಮ್ಮ ಹಿರಿಯರು ಕೊಟ್ಟ ಸ್ಥಾನ ಅದು. ಅದೇ ಹೆಸರು ಇಪ್ಪತ್ತೈದು ವರ್ಷದ ಮೇಲೆ ಎಂಜಲು ಕಾಗದದ ಮೇಲೆ, ಸಾರಿನ ಕಲೆಯ ಜೊತೆ ಮುದುಡಿಕೊಂಡು, ಮುಸುರೆ ಡಬ್ಬಿಗೆ ಬೀಳುವುದು ನೋಡುವುದಕ್ಕೆ ಚೆನ್ನಾಗಿರುತ್ತದೆಯೇ? ಎರಡು ಅನ್ನಗಳ ಮಧ್ಯೆ ಇರುವ ವ್ಯತ್ಯಾಸ ಇಷ್ಟೇ: ಒಂದು ಮಡಿ, ಇನ್ನೊಂದು ಎಂಜಲು.

ಮದುವೆಯಲ್ಲಿ ಹೆಸರು ಮತ್ತೆ ಬರುತ್ತದೆ. ಕನ್ಯಾದಾನದ ಹೊತ್ತಿಗೆ ಗೋತ್ರ ಹೇಳಿ, ಮುತ್ತಜ್ಜ, ಅಜ್ಜ, ತಂದೆ ಎಂದು ಮೂರು ತಲೆಮಾರಿನ ಹೆಸರು ಹೇಳಿ, ಅದರ ಕೊನೆಗೆ ವರನ ಹೆಸರು, ವಧುವಿನ ಹೆಸರು ಹೇಳುತ್ತೇವೆ. ಅದನ್ನೂ ಮೂರು ಸಲ ಹೇಳುತ್ತೇವೆ. ಆ ಕ್ಷಣದಲ್ಲಿ ವರ ವಿಷ್ಣುಸ್ವರೂಪಿ, ವಧು ಲಕ್ಷ್ಮೀಸ್ವರೂಪಿಣಿ. ಹುಡುಗಿಯ ತಂದೆ-ತಾಯಿ ಅಳಿಯನ ಕಾಲು ತೊಳೆಯುವುದು ಆ ಭಾವನೆಯಿಂದಲೇ. ವಯಸ್ಸಿನಲ್ಲಿ ಚಿಕ್ಕವನ ಕಾಲನ್ನು ದೊಡ್ಡವರು ತೊಳೆಯುವುದು ಬೇರೆಲ್ಲಿದೆ? ನಮ್ಮ ಕಡೆ ಆರತಕ್ಷತೆ ಹಿಂದಿನ ಸಂಜೆಯೇ ಆಗುತ್ತದೆ. ಅಂದರೆ ಸಂಜೆ ಬಾಯಿ ಒರೆಸಿ ಎಸೆದ ಹೆಸರನ್ನೇ ಬೆಳಗಾಗುವಷ್ಟರಲ್ಲಿ ಮಂಟಪದಲ್ಲಿ ಗೋತ್ರ ಸಮೇತ ಕೂಗಿ ಹೇಳಬೇಕು. ಇದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ.

ನಿಮ್ಮ ಪ್ರಶ್ನೆಯಲ್ಲಿ ಇನ್ನೊಂದು ಸೂಕ್ಷ್ಮ ಇದೆ. “ದೇವರ ಚಿತ್ರ ಇಲ್ಲ, ಬರೀ ಹೆಸರು” ಎಂದು ಬರೆದಿದ್ದೀರಿ. ಆದರೆ ನಮ್ಮಲ್ಲಿ ಹೆಸರು ಅಂದರೇನು? ಹಿರಿಯರು ಮಕ್ಕಳಿಗೆ ದೇವರ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ದಿನಕ್ಕೆ ನೂರು ಸಲ ಮಗುವನ್ನು ಕರೆಯುವ ನೆಪದಲ್ಲಿ ದೇವರನ್ನು ಕರೆದ ಹಾಗಾಗಲಿ ಅಂತ. ಭಾಗವತದ ಆರನೆಯ ಸ್ಕಂಧದಲ್ಲಿ ಅಜಾಮಿಳನ ಕಥೆ ಬರುತ್ತದೆ. ಕನ್ಯಾಕುಬ್ಜದ ಬ್ರಾಹ್ಮಣ, ಆಚಾರ ಎಲ್ಲ ಬಿಟ್ಟವನು. ಹತ್ತು ಮಕ್ಕಳಲ್ಲಿ ಕೊನೆಯವನ ಹೆಸರು ನಾರಾಯಣ. ಸಾಯುವ ಕಾಲದಲ್ಲಿ ಯಮದೂತರನ್ನು ಕಂಡು ಹೆದರಿ ಮಗನನ್ನು ಕೂಗಿದ. ಕೂಗಿದ್ದು ಮಗನನ್ನೇ, ದೇವರನ್ನಲ್ಲ. ಆದರೂ ವಿಷ್ಣುದೂತರು ಬಂದರು. ಬೇರೆ ಯೋಚನೆಯಲ್ಲಿ ಕರೆದ ಹೆಸರಿಗೂ ಅಷ್ಟು ಶಕ್ತಿ ಇದೆ ಎಂದು ನಂಬುವ ನಾವು, ಬೇರೆ ಯೋಚನೆಯಲ್ಲಿ ಒರೆಸಿದ ಹೆಸರಿಗೆ ಏನೂ ಇಲ್ಲ ಅನ್ನುವುದು ಹೇಗೆ?

ನಿಮ್ಮ ಬೀಗರ ಮನೆಯ ಅಜ್ಜಿಯ ಮಾತಿಗೆ ತೂಕ ಬರುವುದು ಇಲ್ಲೇ. ಘಾಟಿ ನಿಮ್ಮ ತಾಲ್ಲೂಕಿನದೇ ಕ್ಷೇತ್ರ, ನಿಮಗೆ ನಾನು ಹೇಳಬೇಕಾಗಿಲ್ಲ. ದೂರದ ಓದುಗರಿಗಾಗಿ ಹೇಳುತ್ತೇನೆ: ಅಲ್ಲಿ ಒಂದೇ ವಿಗ್ರಹದಲ್ಲಿ ಪೂರ್ವಕ್ಕೆ ಸುಬ್ರಹ್ಮಣ್ಯ, ಪಶ್ಚಿಮಕ್ಕೆ ನರಸಿಂಹ. ಹಿಂದಿನ ನರಸಿಂಹನನ್ನು ಕನ್ನಡಿಯಲ್ಲಿ ದರ್ಶನ ಮಾಡಬೇಕು. ಮಕ್ಕಳಿಲ್ಲದವರು ಅಲ್ಲಿ ಹರಕೆ ಹೊತ್ತು ನಾಗರಕಲ್ಲು ಪ್ರತಿಷ್ಠೆ ಮಾಡಿಸುತ್ತಾರೆ. ಆ ಕಲ್ಲುಗಳ ಸಾಲು ನೋಡಿದರೆ ಗೊತ್ತಾಗುತ್ತದೆ, ಎಷ್ಟು ಮನೆಯ ಕಣ್ಣೀರು ಅಲ್ಲಿದೆ ಅಂತ. ಆ ಅಜ್ಜಿ ಎಷ್ಟು ಷಷ್ಠಿ ಉಪವಾಸ ಇದ್ದರೋ, ಸೊಸೆಯನ್ನು ಕರೆದುಕೊಂಡು ಎಷ್ಟು ಸಲ ಆ ದೇವಸ್ಥಾನದ ಪ್ರದಕ್ಷಿಣೆ ಹಾಕಿದರೋ! ನಿಮ್ಮ ಮಗಳಿಗೆ ಅದು ಮೆಚ್ಚಿದ ಹುಡುಗನ ಹೆಸರು. ಅಜ್ಜಿಗೆ ಅದು ದೇವರಿಗೆ ತೀರಿಸಿದ ಸಾಲ. ಅಕ್ಷರ ಒಂದೇ, ಓದುವ ಕಣ್ಣು ಬೇರೆ.

ಎರಡು ವರ್ಷದ ಹಿಂದಿನ ಒಂದು ಅನುಭವ ಹೇಳುತ್ತೇನೆ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಆ ರಸ್ತೆಯ ಉದ್ದಕ್ಕೂ ಎಷ್ಟು ಕನ್ವೆನ್ಷನ್ ಹಾಲ್‌ಗಳಾದವು ನಿಮಗೆ ಗೊತ್ತು. ಅಂಥ ಒಂದು ಹಾಲ್‌ನಲ್ಲಿ ಮದುವೆ. ಮುಹೂರ್ತ ಬೆಳಗಿನ ಜಾವಕ್ಕಿತ್ತು, ಹಾಗಾಗಿ ರಾತ್ರಿ ಅಲ್ಲೇ ಉಳಿದಿದ್ದೆ. ಒಂದು ಗಂಟೆ ಹೊತ್ತಿಗೆ ಎಚ್ಚರವಾಯಿತು. ನೀರು ಕುಡಿಯೋಣ ಅಂತ ಊಟದ ಹಾಲ್ ಕಡೆ ಹೋದೆ. ಆರತಕ್ಷತೆಯ ಬಫೆ ಮುಗಿದು ಎಲ್ಲ ಚೆಲ್ಲಾಪಿಲ್ಲಿಯಾಗಿತ್ತು. ಕೆಲಸದ ಹೆಂಗಸೊಬ್ಬಳು ನೆಲದ ಮೇಲೆ ಕೂತು ಕಸದ ರಾಶಿಯಿಂದ ಏನನ್ನೋ ಹೆಕ್ಕುತ್ತಿದ್ದಳು. ಒಡವೆ ಗಿಡವೆ ಬಿದ್ದುಹೋಗಿದೆಯೇನೋ ಅಂದುಕೊಂಡು ಹತ್ತಿರ ಹೋದರೆ, ಟಿಶ್ಯೂ ಪೇಪರ್ ಆರಿಸುತ್ತಿದ್ದಾಳೆ. ಒಂದೊಂದರ ಮೇಲೂ ಬಂಗಾರದ ಬಣ್ಣದ ಗಣಪತಿ. ಕೆಲವು ಕಾಲಿಗೆ ಸಿಕ್ಕಿ ನೆಲಕ್ಕೆ ಅಂಟಿದ್ದವು. ಅವನ್ನು ಉಗುರಿನಿಂದ ಬಿಡಿಸಿ ಬಿಡಿಸಿ ಒಂದು ಬುಟ್ಟಿಗೆ ಹಾಕುತ್ತಿದ್ದಳು. “ಯಾಕಮ್ಮ?” ಅಂದೆ. “ಗಣಪ್ಪನ್ನ ಎಂಗ್ ಸ್ವಾಮಿ ಪೊರಕೇಲಿ ಗುಡಿಸೋದು? ಬೆಳಿಗ್ಗೆ ಮರದ ಬುಡಕ್ಕೆ ಹಾಕ್ತೀನಿ” ಅಂದಳು.

ನಾನು ಆ ಸಂಜೆ ಅದೇ ಕಾಗದದಲ್ಲಿ ಕೈ ಒರೆಸಿಕೊಂಡಿದ್ದೆ, ತಾಯಿ. ನೋಡಿರಲಿಲ್ಲ. ವೇದ ಓದಿದ ನನಗೆ ಕಾಣದ್ದು ಅವಳಿಗೆ ಕಂಡಿತ್ತು. ನಾವು ಅಂದಕ್ಕೆ ಅಂತ ಹಾಕಿಸಿದ ಗಣಪತಿಯ ಮರ್ಯಾದೆ ಕಾಪಾಡುವ ಕೆಲಸವನ್ನು ಮಧ್ಯರಾತ್ರಿಯಲ್ಲಿ ಇನ್ನೊಬ್ಬರ ತಲೆಗೆ ಕಟ್ಟಿದ್ದೆವು. ಆವತ್ತಿನಿಂದ ನನ್ನ ಯಜಮಾನರಿಗೆಲ್ಲ, ಅಂದರೆ ನಾನು ಪೌರೋಹಿತ್ಯ ಮಾಡುವ ಮನೆಯವರಿಗೆಲ್ಲ, ಈ ಮಾತು ಹೇಳುತ್ತಾ ಬಂದಿದ್ದೇನೆ: ಯಾವುದನ್ನು ಎಸೆಯುತ್ತೀರೋ ಅದರ ಮೇಲೆ ದೇವರನ್ನು ಕೂರಿಸಬೇಡಿ. ಗಣಪತಿ, ಓಂಕಾರ, ಸ್ವಸ್ತಿಕ, ಶಂಖ-ಚಕ್ರ, ಶ್ರೀಕಾರ ಇವು ಯಾವುವೂ ಟಿಶ್ಯೂ, ಪೇಪರ್ ತಟ್ಟೆ, ಲೋಟ, ನೀರಿನ ಬಾಟಲಿಯ ಚೀಟಿ ಇವುಗಳ ಮೇಲೆ ಬೇಡ. ಇದರಲ್ಲಿ ನನಗೆ ಎರಡು ಮಾತಿಲ್ಲ.

ವಧೂವರರ ಹೆಸರಿಗೆ ಬಂದರೆ ನಾನು ಅಷ್ಟು ಗಟ್ಟಿಯಾಗಿ ಹೇಳುವುದಿಲ್ಲ. ಅದನ್ನು ನಿಷೇಧ ಅನ್ನದೆ ಔಚಿತ್ಯ ಅನ್ನುತ್ತೇನೆ. ನಿಮ್ಮ ಮಗಳು ಬುದ್ಧಿವಂತೆ, ಅವಳು ಕೇಳಬಹುದು: “ದಿನಪತ್ರಿಕೆಯಲ್ಲಿ ಎಷ್ಟು ದೇವರ ಹೆಸರಿಲ್ಲ? ಅದರಲ್ಲೇ ಬೋಂಡಾ ಕಟ್ಟಿ ಕೊಡುತ್ತಾರಲ್ಲ? ದೀಪಾವಳಿಯಲ್ಲಿ ಲಕ್ಷ್ಮಿ ಚಿತ್ರದ ಪಟಾಕಿಯನ್ನೇ ಸುಡುತ್ತಾರಲ್ಲ?” ಸರಿಯಾದ ಪ್ರಶ್ನೆ. ಪಟಾಕಿಯ ಮೇಲಿನ ಲಕ್ಷ್ಮಿಯೂ ನನಗೆ ಒಪ್ಪಿಗೆ ಇಲ್ಲ ಬಿಡಿ. ಆದರೆ ದಿನಪತ್ರಿಕೆ ಓದುವುದಕ್ಕೆ ಅಚ್ಚಾದದ್ದು, ಆಮೇಲೆ ಅದರ ಗತಿ ಏನೋ ಆಗುತ್ತದೆ. ಇದು ಹಾಗಲ್ಲ. ಒರೆಸಿ ಎಸೆಯಲಿ ಅಂತಲೇ ಎರಡು ಸಾವಿರ ಸಲ ಹೆಸರು ಅಚ್ಚು ಹಾಕಿಸುವುದು. ನಮ್ಮಲ್ಲಿ ಯಾವ ಕರ್ಮಕ್ಕೂ ಮೊದಲು ಸಂಕಲ್ಪ ಯಾಕೆ ಮಾಡುತ್ತೇವೆ? ಮಾಡುವ ಕೆಲಸ ಏತಕ್ಕೆ ಅನ್ನುವುದು ಕೆಲಸದಷ್ಟೇ ಮುಖ್ಯ ಎಂದು. ತಾನಾಗಿ ಆಗುವುದು ಬೇರೆ, ಬೇಕೆಂದು ಮಾಡಿಸುವುದು ಬೇರೆ.

ಪಾಠಶಾಲೆಯಲ್ಲಿದ್ದಾಗ ಒಮ್ಮೆ ಊಟದ ಕೈ ಜಿಡ್ಡಾಗಿತ್ತು ಎಂದು ಹಳೆಯ ಪಂಚಾಂಗದ ಹಾಳೆಯೊಂದನ್ನು ಹರಿದು ಒರೆಸಿಕೊಂಡೆ. ನನಗೆ ಆಗ ಹನ್ನೆರಡು ವರ್ಷ. ಗುರುಗಳು ನೋಡಿದರು. ಹೊಡೆಯುತ್ತಾರೆ ಅಂದುಕೊಂಡೆ, ಹೊಡೆಯಲಿಲ್ಲ. “ಕ್ಷರ ಅಂದರೇನೋ?” ಅಂದರು. “ನಾಶವಾಗುವುದು” ಅಂದೆ. “ಹಾಗಾದರೆ ಅಕ್ಷರ?” ಅಂದರು. ನಾನು ಉತ್ತರ ಹೇಳಲಿಲ್ಲ. ಆ ಹಾಳೆ ತೆಗೆದುಕೊಂಡು ಹೋಗಿ ತೆಂಗಿನಮರದ ಬುಡದಲ್ಲಿ ಹೂತು ಬಂದೆ. ಇವತ್ತಿಗೂ ಕಾಲಿಗೆ ಕಾಗದ ತಾಗಿದರೆ ನಾವೆಲ್ಲ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತೇವಲ್ಲ, ಅದು ಇಂಥ ಪಾಠದಿಂದ ಉಳಿದದ್ದು.

ಹಾಗಾದರೆ ಮದುವೆಯಲ್ಲಿ ಹೆಸರು, ಚಿಹ್ನೆ ಇರುವ ಬಟ್ಟೆಯೇ ಇಲ್ಲವೇ? ಇದೆ, ಅದೇ ಅಂತರಪಟ. ಅದರ ಮೇಲೆ ಕುಂಕುಮದಲ್ಲಿ ಸ್ವಸ್ತಿಕ ಬರೆದು ವಧೂವರರ ಮಧ್ಯೆ ಹಿಡಿಯುತ್ತೇವೆ. ಮುಹೂರ್ತದ ಗಳಿಗೆಗೆ ಅದನ್ನು ಸರಿಸಿದಾಗ ಜೀರಿಗೆ-ಬೆಲ್ಲ ಹಾಕಿ ಒಬ್ಬರನ್ನೊಬ್ಬರು ನೋಡುತ್ತಾರೆ. ಅದರಲ್ಲಿ ಯಾರೂ ಕೈ ಒರೆಸುವುದಿಲ್ಲ. ಮಡಿಸಿ ಪೆಟ್ಟಿಗೆಯಲ್ಲಿ ಇಡುತ್ತೇವೆ. ನಿಮ್ಮ ಮಗಳಿಗೆ ಹೆಸರು ಹಾಕಿಸುವ ಆಸೆ ಇದೆಯಲ್ಲ, ಅದು ಒಳ್ಳೆಯ ಆಸೆ. ನಿಮ್ಮದು ಮಗ್ಗದ ಮನೆ, ಬಟ್ಟೆಯ ಬೆಲೆ ಗೊತ್ತಿರುವವರು. ಒಂದು ಒಳ್ಳೆಯ ಬಟ್ಟೆ ತೆಗೆದು, ಅವಳು ಬರೆದ ಅದೇ ವೀಳ್ಯದೆಲೆಯನ್ನೂ ಇಬ್ಬರ ಹೆಸರನ್ನೂ ತಾರೀಖನ್ನೂ ಅಂಚಿನ ಮೂಲೆಯಲ್ಲಿ ಕಸೂತಿ ಹಾಕಿಸಿ. ಅದೇ ಅಂತರಪಟವಾಗಲಿ. ಟಿಶ್ಯೂ ಮೇಲಿನ ಹೆಸರು ಒಂದು ಸಂಜೆ ಇರುತ್ತದೆ. ಇದು ಅವಳ ಮಕ್ಕಳ ಮದುವೆಯವರೆಗೂ ಮನೆಯಲ್ಲಿ ಇರುತ್ತದೆ.

ಈಗ ಊಟದ ಜಾಗಕ್ಕೆ ಏನು ಆರಿಸಬೇಕು ಅನ್ನುವುದು. ಬಿಳಿಯದೋ ಕೆನೆಬಣ್ಣದ್ದೋ ಸಾದಾ ಟಿಶ್ಯೂ ಸಾಕು. ಅಂದ ಬೇಕು ಅಂದರೆ ಅಂಚಿಗೆ ಮಾವಿನೆಲೆ, ಮಲ್ಲಿಗೆ ಮೊಗ್ಗು, ಬಳ್ಳಿ ಇಂಥದ್ದು ಹಾಕಿಸಿ, ಅಕ್ಷರ ಬೇಡ. ಸಾವಿರಾರು ಮದುವೆಯಲ್ಲಿ ಉಂಡ ಅನುಭವದಿಂದ ಇನ್ನೆರಡು ಮಾತು: ಗಾಢ ಬಣ್ಣದ್ದು ಒದ್ದೆ ಕೈಗೆ ಬಣ್ಣ ಬಿಡುತ್ತದೆ, ರೇಷ್ಮೆ ಸೀರೆಗೆ ಹತ್ತಿದರೆ ಹೋಗುವುದಿಲ್ಲ. ಒಂದೇ ಪದರದ್ದು ಬೆರಳಿಗೆ ಅಂಟಿ ಹರಿಯುತ್ತದೆ, ಎರಡು ಪದರದ್ದು ವಾಸಿ. ಎಲ್ಲಕ್ಕಿಂತ ಮುಖ್ಯ, ಟಿಶ್ಯೂ ಇದೆ ಅಂತ ನೀರು ಮರೆಯಬೇಡಿ. ಊಟಕ್ಕೆ ಮೊದಲು ಪರಿಷೇಚನೆ, ಆಪೋಶನ, ಮುಗಿದ ಮೇಲೆ ಉತ್ತರಾಪೋಶನ, ಕೈಬಾಯಿ ತೊಳೆಯುವುದು. ನಮ್ಮ ಊಟ ನೀರಿನಿಂದ ಶುರುವಾಗಿ ನೀರಿನಿಂದ ಮುಗಿಯುತ್ತದೆ. ಕಾಗದ ಬರೀ ಒದ್ದೆ ತೆಗೆಯುತ್ತದೆ, ಎಂಜಲು ತೆಗೆಯುವುದಿಲ್ಲ.

ನಾನು ಚಿಕ್ಕವನಿದ್ದಾಗ ನಮ್ಮ ಹಳ್ಳಿಯ ಮದುವೆಗಳಲ್ಲಿ ಕೈ ತೊಳೆಯುವ ಜಾಗದಲ್ಲಿ ಹುಡುಗಿಯ ಅಣ್ಣನೋ ತಮ್ಮನೋ ಹಂಡೆ ಪಕ್ಕ ನಿಂತಿರುತ್ತಿದ್ದ. ಚೊಂಬಿನಲ್ಲಿ ನೀರು ಹಾಕಿ, ಹೆಗಲ ಮೇಲಿನ ವಸ್ತ್ರ ಕೊಟ್ಟು, “ಊಟ ಆಯ್ತಾ, ಚೆನ್ನಾಗಿ ಬಡಿಸಿದ್ರಾ?” ಅಂತ ಒಬ್ಬೊಬ್ಬರನ್ನೂ ಕೇಳುತ್ತಿದ್ದ. ಆ ವಸ್ತ್ರದ ಮೇಲೆ ಯಾರ ಹೆಸರೂ ಇರಲಿಲ್ಲ. ಆದರೆ ಯಾರ ಮನೆ ಮದುವೆಗೆ ಬಂದಿದ್ದೇವೆ ಅನ್ನುವುದು ಯಾರಿಗೂ ಮರೆಯುತ್ತಿರಲಿಲ್ಲ. ಆರತಕ್ಷತೆ ಅನ್ನುವ ಮಾತಿನಲ್ಲೇ ಆರತಿ ಇದೆ, ಅಕ್ಷತೆ ಇದೆ. ಬಂದವರು ಹರಸಲಿ ಅಂತ ಕರೆಯುವುದು. ಹರಸಿದವರಿಗೆ ನೆನಪು ಉಳಿಯಬೇಕಾದರೆ ನಿಮ್ಮ ಮನೆಯ ಹುಡುಗರು ಇಬ್ಬರು ಊಟದ ಹಾಲ್‌ನಲ್ಲಿ ನಿಂತು ಹೀಗೆ ಕೇಳಲಿ, ಸಾಕು.

ಅಚ್ಚಾಗಿರುವ ಎರಡು ಸಾವಿರದ ಗತಿ ಏನು? ಸುಡಬೇಡಿ, ಕಸಕ್ಕೂ ಹಾಕಬೇಡಿ. ಒರೆಸುವುದಕ್ಕೆ ಬೇಡವಾದದ್ದು ಸುತ್ತುವುದಕ್ಕೆ ಆಗುತ್ತದೆ. ಮುತ್ತೈದೆಯರಿಗೆ ಅರಿಶಿನ-ಕುಂಕುಮದ ಜೊತೆ ಗಾಜಿನ ಬಳೆ ಕೊಡುತ್ತೀರಲ್ಲ, ಒಂದೊಂದು ಜೊತೆಯನ್ನೂ ಇದರಲ್ಲಿ ಸುತ್ತಿ ಕೊಡಿ. ಬಳೆ ಒಡೆಯುವುದಿಲ್ಲ, ಹೆಸರು ಎಂಜಲಾಗುವುದಿಲ್ಲ, ನಿಮ್ಮ ಮಗಳ ಚಿತ್ರವನ್ನೂ ನಾಲ್ಕು ಜನ ನೋಡುತ್ತಾರೆ. ಮಿಕ್ಕದ್ದನ್ನು ಮನೆಯ ಹಿತ್ತಲಿನ ಗಿಡದ ಬುಡದಲ್ಲಿ ಮಣ್ಣಿಗೆ ಸೇರಿಸಿ. ತೆಳು ಕಾಗದ, ಒಂದು ಮಳೆಗೆ ಕರಗುತ್ತದೆ. ನೀರಿಗೆ ಬಿಡುತ್ತೇನೆ ಅಂತ ನಾಗರಕೆರೆಗೆ ಸುರಿಯಬೇಡಿ. ನಂದಿಬೆಟ್ಟದಿಂದ ಬರುವ ಅರ್ಕಾವತಿಯ ದಾರಿಯ ಕೆರೆ ಅದು. ಈಗಿರುವ ಕಸವೇ ಅದಕ್ಕೆ ಹೆಚ್ಚಾಗಿದೆ.

ಕೊನೆಯದಾಗಿ, ಇದೇ ದೊಡ್ಡ ಮಾತು. ಈ ಉತ್ತರವನ್ನು ತೋರಿಸಿ ಮಗಳನ್ನು “ನೋಡು, ಅಜ್ಜಿ ಹೇಳಿದ್ದೇ ಸರಿ” ಎಂದು ಬೈಯಬೇಡಿ. ಅವಳು ಪ್ರೀತಿಯಿಂದ ಮಾಡಿದ್ದಾಳೆ, ತಿಳಿಯದೆ ಮಾಡಿದ್ದಾಳೆ. ಮಂಟಪಕ್ಕೆ ಹೋಗುವ ಹುಡುಗಿಯ ಕಣ್ಣಲ್ಲಿ ನೀರು ಹಾಕಿಸುವುದಕ್ಕಿಂತ ದೊಡ್ಡ ಅಮಂಗಳ ನನಗೆ ಗೊತ್ತಿಲ್ಲ. ಬೀಗರ ಮನೆಯವರೂ ಈ ಪತ್ರಿಕೆ ಓದುವವರಾದರೆ ಅಜ್ಜಿಗೆ ಒಂದು ಬಿನ್ನಹ: ಅಮ್ಮಾ, ನೀವು ಹೇಳಿದ್ದು ಸರಿ, ಆದರೆ ಆರತಕ್ಷತೆಗೆ ಬರುವುದಿಲ್ಲ ಎಂಬ ಮಾತು ಹಿಂದಕ್ಕೆ ತೆಗೆದುಕೊಳ್ಳಿ. ನೀವು ಘಾಟಿಯಲ್ಲಿ ಬೇಡಿ ಪಡೆದ ಮೊಮ್ಮಗನ ತಲೆಗೆ ಮೊದಲ ಅಕ್ಷತೆ ನಿಮ್ಮ ಕೈಯಿಂದಲೇ ಬೀಳಬೇಕು.

ಇನ್ನು ನೀವು ಮಾಡಬೇಕಾದ್ದು, ತಾಯಿ. ಲಗ್ನಪತ್ರಿಕೆ ಅಚ್ಚಾದ ಮೇಲೆ ಮೊದಲನೆಯದನ್ನು ದೇವರ ಮುಂದೆ ಇಡುವುದು ಪದ್ಧತಿ. ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ಅದನ್ನು ಘಾಟಿಗೆ ತೆಗೆದುಕೊಂಡು ಹೋಗಿ. ಪುಷ್ಯ ಶುದ್ಧ ಷಷ್ಠಿಯ ರಥೋತ್ಸವದ ನೂಕುನುಗ್ಗಲಿನಲ್ಲಿ ಬೇಡ, ಜನ ಕಡಿಮೆ ಇರುವ ಒಂದು ದಿನ ಆಗಲಿ. ನಿಮ್ಮ ಮಗಳೇ ಆ ಅಜ್ಜಿಗೆ ಫೋನ್ ಮಾಡಿ, “ಅಜ್ಜಿ, ನೀವೂ ಬನ್ನಿ, ಹರಕೆಯ ಕಲ್ಲು ಯಾವುದು ಅಂತ ನನಗೆ ತೋರಿಸಿ” ಎಂದು ಕರೆಯಲಿ. ಆ ಇಬ್ಬರ ಹೆಸರು ಇರಬೇಕಾದ ಜಾಗ ಸ್ವಾಮಿಯ ಪಾದದ ಹತ್ತಿರ. ಅಲ್ಲಿ ಇಟ್ಟುಬನ್ನಿ. ನಾನು ಕಂಡ ಹಾಗೆ ಇದಕ್ಕಿಂತ ಒಳ್ಳೆಯ ಶಾಂತಿ ಇಲ್ಲ, ಖರ್ಚೂ ಬಸ್ ಚಾರ್ಜು, ಹಣ್ಣು-ಕಾಯಿ ಅಷ್ಟೇ.

ಇದೇ ವಿಷಯಕ್ಕೆ ಸೇರಿದ ಇನ್ನು ಮೂರು ಪ್ರಶ್ನೆಗಳು ಬಂದಿವೆ. ಅವಕ್ಕೂ ಚಿಕ್ಕದಾಗಿ ಉತ್ತರಿಸುತ್ತೇನೆ.

ಪ್ರಶ್ನೆ: ಬಂದ ಲಗ್ನಪತ್ರಿಕೆಗಳಲ್ಲಿ ಗಣಪತಿ, ವೆಂಕಟೇಶ್ವರನ ಚಿತ್ರ ಇರುತ್ತದೆ. ವರ್ಷಗಟ್ಟಲೆ ಕೂಡಿಟ್ಟು ರಾಶಿಯಾಗಿದೆ. ಏನು ಮಾಡುವುದು?
— ನೆಲಮಂಗಲದ ಓದುಗರು

ಉತ್ತರ: ಮದುವೆ ಮುಗಿದ ಮೇಲೆ ಪತ್ರಿಕೆಯ ಕೆಲಸ ಮುಗಿಯಿತು, ಇಟ್ಟುಕೊಳ್ಳಲೇಬೇಕು ಅಂತಿಲ್ಲ. ದೇವರ ಚಿತ್ರದ ಭಾಗವನ್ನು ಕತ್ತರಿಸಿ ಬೇರೆ ಮಾಡಿ. ಚೆನ್ನಾಗಿರುವುದನ್ನು ಮಕ್ಕಳು ಪುಸ್ತಕದ ಗುರುತಿಗೆ ಇಟ್ಟುಕೊಳ್ಳಲಿ. ಉಳಿದದ್ದನ್ನು ನೀರಲ್ಲಿ ನೆನೆಸಿ ಮುದ್ದೆ ಮಾಡಿ ಗಿಡದ ಬುಡಕ್ಕೆ ಹಾಕಿ. ಚಿತ್ರವಿಲ್ಲದ ಕಾಗದ ರದ್ದಿಗೆ ಹೋಗಬಹುದು. ಅಶ್ವತ್ಥಕಟ್ಟೆಯ ಮೇಲೆ ಇಟ್ಟು ಬರುವ ಅಭ್ಯಾಸ ಬಿಡಿ. ಗಾಳಿಗೆ ಹಾರಿ ರಸ್ತೆಗೆ ಬೀಳುತ್ತದೆ, ಆಗ ಕಾಲಿಗೆ ಸಿಗುವುದು ಅದೇ ದೇವರು.

ಪ್ರಶ್ನೆ: ತಾಂಬೂಲದ ಚೀಲದ ಮೇಲೆ ವಧೂವರರ ಹೆಸರು ಮತ್ತು ದೇವರ ಚಿತ್ರ ಹಾಕಿಸಬಹುದೇ?
— ದೇವನಹಳ್ಳಿಯ ಗೃಹಿಣಿ

ಉತ್ತರ: ಹೆಸರು ಧಾರಾಳವಾಗಿ ಹಾಕಿಸಿ. ತಾಂಬೂಲ ಎಂಜಲಲ್ಲ, ಮಂಗಳದ್ರವ್ಯ. ಬಟ್ಟೆಯ ಚೀಲವಾದರೆ ಮನೆಗೆ ಹೋಗಿ ವರ್ಷಗಟ್ಟಲೆ ಬಳಕೆಯಲ್ಲಿರುತ್ತದೆ. ಆ ಬಳಕೆಯೇ ದೇವರ ಚಿತ್ರಕ್ಕೆ ತೊಂದರೆ. ಇವತ್ತು ತೆಂಗಿನಕಾಯಿ ಇದ್ದ ಚೀಲದಲ್ಲಿ ನಾಳೆ ಚಪ್ಪಲಿಯೂ ಬರಬಹುದು. ಆದ್ದರಿಂದ ಚಿತ್ರ ಬೇಡ, ಕಳಶವೋ ಬಾಳೆಕಂದೋ ಇರಲಿ. ಪ್ಲಾಸ್ಟಿಕ್ ಕವರ್ ಅಂತೂ ಮಾಡಿಸಬೇಡಿ. ನಮ್ಮ ರಾಜ್ಯದಲ್ಲಿ 2016ರಲ್ಲೇ ಅದಕ್ಕೆ ನಿಷೇಧ ಬಂದಿದೆ. ನಿಷೇಧ ಇಲ್ಲದಿದ್ದರೂ ಹಸುವಿನ ಹೊಟ್ಟೆಗೆ ಹೋಗುವ ವಸ್ತುವಿನಲ್ಲಿ ತಾಂಬೂಲ ಕೊಟ್ಟರೆ ಪುಣ್ಯ ಎಲ್ಲಿಂದ ಬರಬೇಕು?

ಪ್ರಶ್ನೆ: ಆರತಕ್ಷತೆಯಲ್ಲಿ ಕ್ಯೂ ದೊಡ್ಡದಿದ್ದರೆ ಮೊದಲು ಊಟ ಮುಗಿಸಿ, ಟಿಶ್ಯೂನಲ್ಲಿ ಕೈ ಒರೆಸಿಕೊಂಡು ಸ್ಟೇಜಿಗೆ ಹೋಗಿ ಅಕ್ಷತೆ ಹಾಕುತ್ತೇವೆ. ಇದು ಸರಿಯೇ?
— ಹೊಸಕೋಟೆಯ ಓದುಗರು

ಉತ್ತರ: ಮೊದಲು ಹರಸಿ ಆಮೇಲೆ ಉಣ್ಣುವುದು ಕ್ರಮ. ವಯಸ್ಸಾದವರು, ಸಕ್ಕರೆ ಕಾಯಿಲೆಯವರು, ಮಕ್ಕಳನ್ನು ಕರೆತಂದವರು ಮೊದಲು ಊಟ ಮಾಡಿದರೆ ತಪ್ಪಿಲ್ಲ, ಅದಕ್ಕೆ ಶಾಸ್ತ್ರದ ಅಡ್ಡಿ ಹೇಳುವವನು ನಾನಲ್ಲ. ಆದರೆ ಎಂಜಲು ಕೈಯಲ್ಲಿ ಅಕ್ಷತೆ ಮುಟ್ಟಬೇಡಿ. ಬಾಯಿ ಮುಕ್ಕಳಿಸಿ, ಕೈ ನೀರಿನಲ್ಲಿ ತೊಳೆದು ಹೋಗಿ. ಅಕ್ಷತೆ ಅಂದರೆ ಮುರಿಯದ ಅಕ್ಕಿ. ಹರಸುವ ಕೈಯೂ ಮನಸ್ಸೂ ಅಷ್ಟೇ ಶುದ್ಧವಾಗಿರಲಿ.

ಶುಭಂ ಭವತು.